ಅತ್ತೆಯ ಬಣ್ಣದ ವೈರು

ನಮ್ಮ ಸೋದರತ್ತೆಗೆ ಈ ಲೋಕದಲ್ಲಿ ಶತ್ರು ಅಂತ ಇರುವುದು ಒಂದೇ, ಕಪ್ಪು ಬಣ್ಣ. ಕಪ್ಪು ಕೊಡೆ ಹಿಡಿಯುವುದಕ್ಕಿಂತ ನೆನೆಯುವುದೇ ವಾಸಿ ಅನ್ನುತ್ತಾಳೆ. ಎಮ್ಮೆಗೆ ಮಾತ್ರ ವಿನಾಯಿತಿ, ಹಾಲು ಬೆಳ್ಳಗಿದೆಯಲ್ಲ! ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಅವಳು ಹೊಲಿದ ಕೌದಿ ಹೊದೆಯದ ಮನೆಯಿಲ್ಲ. ಆ ಕೌದಿಗಳಲ್ಲಿ ಭೂತಗನ್ನಡಿ ಹಿಡಿದು ಹುಡುಕಿದರೂ ನಿಮಗೊಂದು ಕಪ್ಪು ಚಿಂದಿ ಸಿಗುವುದಿಲ್ಲ. ಇಂಥವಳ ಮನೆಗೆ ಒಂದು ಕಂಪ್ಯೂಟರ್ ಬಂತು, ಅದರ ಒಂದು ಬದಿಗೆ ಗಾಜಿತ್ತು, ಗಾಜಿನೊಳಗೆ ಮೊಳಗಟ್ಟಲೆ ಕಪ್ಪು ವೈರಿತ್ತು ಎಂದರೆ ಮುಂದಿನದನ್ನು ಹೇಳಬೇಕೆ?

ಕಂಪ್ಯೂಟರ್ ತಂದವರು ಮಾವ, ಅಂದರೆ ಅವಳ ಗಂಡ. ಭಜನೆ ಹಾಡುವ ಗೀಳು ಅವರಿಗೆ. ಹಾಡಿದ್ದನ್ನೆಲ್ಲ ಅದರಲ್ಲೇ ರೆಕಾರ್ಡ್ ಮಾಡಿ ಇಟ್ಟರು. ಆಮೇಲೆ ಗಂಟಲಿಗೆ ಆಪರೇಶನ್ ಆಯಿತು, ದನಿ ಹೋಯಿತು. ಈಗ ಮಾವನ ದನಿ ಈ ಭೂಮಿಯ ಮೇಲೆ ಇರುವುದು ಆ ಪೆಟ್ಟಿಗೆಯ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ನಾನು ಕಂಪ್ಯೂಟರಿನಲ್ಲಿ ಮದುವೆ ಆಲ್ಬಂ ಮಾಡುವ ಅಂಗಡಿ ಇಟ್ಟವನು, ಇನ್ನೊಂದು ನಕಲು ತೆಗೆದಿಡುತ್ತೇನೆಂದು ಬೇಡಿಕೊಂಡೆ.

"ಝೆರಾಕ್ಸಿಂದು ಝೆರಾಕ್ಸ್ ತೆಗದ್ರ ಅಕ್ಷರ ಹ್ಯಾಂಗ ತೆಳ್ಳಗಾಗ್ತದ, ನೋಡಿಲ್ಲೇನು? ನಿಮ್ಮ ಮಾವನ ದನಿ ತೆಳ್ಳಗಾಗಬಾರದು!" ಎಂದಳು.

ದನಿಗೂ ಕಾಗದಕ್ಕೂ ಇರುವ ವ್ಯತ್ಯಾಸವನ್ನು ನಾನು ಎಷ್ಟು ವಿಧದಲ್ಲಿ ಹೇಳಿದರೂ ಅವಳು ಕೇಳಲಿಲ್ಲ. ಬದಲಿಗೆ ಅಪ್ಪಣೆಯಾಯಿತು: ಗಂಡನ ದನಿ ಇರುವ ಪೆಟ್ಟಿಗೆಯಿಂದ ಕಪ್ಪು ವೈರು ಹೋಗಬೇಕು, ಬಣ್ಣದ ವೈರು ಬರಬೇಕು! ಆಪರೇಶನ್ನಿಗೆ ಮೊದಲು ಡಾಕ್ಟರು ಮನೆಯವರ ಸಹಿಯನ್ನಾದರೂ ತೆಗೆದುಕೊಳ್ಳುತ್ತಾರೆ. ಈ ಪೆಟ್ಟಿಗೆಯ ಆಪರೇಶನ್ನಿಗೆ ನನಗೆ ಆ ಭಾಗ್ಯವೂ ಇರಲಿಲ್ಲ.

ಇಬ್ಬರೂ ಬಸ್ಸು ಹತ್ತಿ ಹುಮನಾಬಾದಿಗೆ ಹೋದೆವು. ಕಂಪ್ಯೂಟರ್ ಅಂಗಡಿಯವನು ಬೇರೊಂದು ಕಂಪನಿಯ ಪವರ್ ಸಪ್ಲೈಗೆ, ಅಂದರೆ ಒಳಗೆಲ್ಲ ಕರೆಂಟು ಹಂಚುವ ಡಬ್ಬಿಗೆ, ಬರುವ ಬಣ್ಣದ ಕೇಬಲ್ಲುಗಳನ್ನು ಮುಂದೆ ಸುರಿದ. "ತಗೋರಿ ಅಮ್ಮಾರ, ಬರಾಬರ್ ಕೂತ್ಕೋತದ."

ನಾನು ನಡುವೆ ಕೈ ಅಡ್ಡ ಹಿಡಿದೆ. "ಬ್ಯಾಡ ಅತ್ತಿ! ಕೂತ್ಕೋತದ ಖರೆ. ಆದ್ರ ಒಂದೊಂದು ಕಂಪನೀದು ಒಳಗಿನ ಜೋಡಣಿ ಬ್ಯಾರೆ ಇರ್ತದ. ಐದು ವೋಲ್ಟ್ ಹೋಗೋ ಜಾಗಾಕ್ಕ ಹನ್ನೆರಡು ಹೋತಂದ್ರ ಡಿಸ್ಕ್ ಸುಟ್ಟು ಹೋಗ್ತದ."

ಅತ್ತೆ ಅಂಗಡಿಯವನ ಕಡೆ ತಿರುಗಿದಳು. "ಮಂದಿ ಬ್ಲೌಜಿನ್ಯಾಗ ನನ್ನ ಕೈ ತೂರ್ತದಂತ ಅದು ನನ್ನ ಬ್ಲೌಜ್ ಆಗ್ತದೇನು?"

ಆಮೇಲೆ ನಾನು ಎಕ್ಸ್‌ಟೆನ್ಶನ್ ಕೇಬಲ್ ತೋರಿಸಿದೆ. ಕಂಪನಿ ಕೊಟ್ಟ ಕಪ್ಪು ಕೇಬಲ್ ತನ್ನ ಪವರ್ ಸಪ್ಲೈ ಬಿಟ್ಟು ಕದಲುವುದಿಲ್ಲ, ಅದರ ತುದಿಗೆ ಬಣ್ಣದ್ದನ್ನು ಜೋಡಿಸಿದರಾಯಿತು. ಗಾಜಿನಲ್ಲಿ ಕಾಣುವುದು ಬಣ್ಣ, ಕಪ್ಪೆಲ್ಲ ಹಿಂದೆ ಅಡಗುತ್ತದೆ. "ಸೀರಿಗಿ ಫಾಲ್ ಹಚ್ಚಿದಂಗ," ಎಂದು ಅತ್ತೆ ಒಪ್ಪಿದಳು. ನಾನು ಉಸಿರು ಬಿಟ್ಟೆ. ಬಿಡಬಾರದಿತ್ತು! ಅವಳು ಅಷ್ಟರಲ್ಲಿ ಸ್ಯಾಂಪಲ್ ವೈರಿನ ಎರಡು ತುಂಡು ಹಿಡಿದು ಸೊಂಟದ ಚೀಲದಿಂದ ಕಡ್ಡಿಪೆಟ್ಟಿಗೆ ತೆಗೆದಿದ್ದಳು. ರೇಷ್ಮೆ ಅಸಲಿಯೋ ನಕಲಿಯೋ ಎಂದು ಎಳೆ ಸುಟ್ಟು ನೋಡುವುದು ಅವಳ ಹಳೆಯ ಪದ್ಧತಿ.

"ಅಮ್ಮಾರ, ಬೆಂಕಿ ಬ್ಯಾಡ್ರಿ! ಅಂಗಡಿ ತುಂಬ ಪ್ಲಾಸ್ಟಿಕ್ ಅದರಿ!" ಎಂದು ಅಂಗಡಿಯವನು ಕೌಂಟರ್ ಹಾರಿ ಬಂದ. ಅಗ್ಗದ ತುಂಡು ಧಗ್ಗನೆ ಹತ್ತಿ ತೊಟ್ಟಿಕ್ಕಿತು. ಇನ್ನೊಂದು ಹತ್ತಿದಂತೆ ಮಾಡಿ ತಾನೇ ಆರಿತು. ಆರಿದ ಜಾತಿಯದನ್ನೇ ಕೊಳ್ಳುವುದೆಂದಾಯಿತು. ಒಳಗೆ ಅಚ್ಚ ತಾಮ್ರವಿದೆಯೇ ಎಂದು ನಾನೂ ಕೆರೆದು ನೋಡಿದೆ ಅನ್ನಿ, ಆದರೆ ಆ ಹೊಗೆಯಲ್ಲಿ ನನ್ನನ್ನು ಯಾರು ಗಮನಿಸುತ್ತಾರೆ? ಬಣ್ಣ ಆರಿಸಲು ಅತ್ತೆ ಕೇಬಲ್ಲುಗಳನ್ನು ಹೊರಗೆ ಬಿಸಿಲಿಗೆ ತಂದು, ಲಾರಿಗಳು ಧೂಳೆಬ್ಬಿಸುವ ಹೆದ್ದಾರಿಯ ಪಕ್ಕದಲ್ಲೇ ನಿಂತು ನೋಡಿದಳು. ಹಸಿರು, ಅರಿಶಿನ, ಕುಂಕುಮ.

ಮರುದಿನ ಬೆಳಿಗ್ಗೆ ಜೋಡಿಸಲು ಹೋದೆ. ಕೇಬಲ್ಲುಗಳು ಕಾಣಲಿಲ್ಲ. ಬಚ್ಚಲಲ್ಲಿ ಒಂದು ಬಕೀಟು ಕಂಡಿತು. ಬಕೀಟಿನೊಳಗೆ ಉಪ್ಪು ನೀರು, ಉಪ್ಪು ನೀರಿನೊಳಗೆ...

"ಅತ್ತೀ! ಏನ್ ಮಾಡೀದಿ ಇದು?"

"ಹೊಸಾ ಬಣ್ಣ, ತೊಯ್ಸಿ ನೋಡಬ್ಯಾಡೇನು? ಬಣ್ಣ ಬಿಟ್ಟು ಅವರ ದನಿಗಿ ಹತ್ತಿದ್ರ ಏನ್ ಮಾಡ್ಲಿ?"

ಬಣ್ಣವೇನೂ ಬಿಟ್ಟಿರಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಕೇಬಲ್ಲಿನ ತುದಿಯ ಕನೆಕ್ಟರಿನ ಸಂದಿಸಂದಿಗೆ ಉಪ್ಪು ಹೊಕ್ಕಿತ್ತು. ಬಿಸಿಲಿಗೆ ಹಾಕಿದರೆ ಸಾಕೆಂದು ಅವಳು, ಒಣಗಿದರೂ ಉಪ್ಪು ಉಳಿಯುತ್ತದೆ, ಇದನ್ನು ಹಾಕಿದರೆ ನಾನು ಹೊಣೆಯಲ್ಲವೆಂದು ನಾನು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಲ್ಲುವಷ್ಟು ಜಗಳವಾಯಿತು. ಕೊನೆಗೆ ಆ ಕೇಬಲ್ಲುಗಳು ಅತ್ತೆಯ ಮನೆಯ ಬಾಗಿಲಿಗೆ ತೋರಣವಾದವು, ಇವತ್ತಿಗೂ ತೂಗುತ್ತಿವೆ. ಎರಡನೆಯ ಸೆಟ್ಟು ತಂದಾಗ ನಾನು ಅದನ್ನು ನನ್ನ ಅಂಗಡಿಯಲ್ಲೇ ಬೀಗ ಹಾಕಿ ಇಟ್ಟೆ.

ಆ ದಿನ ಬಂತು. ಪೆಟ್ಟಿಗೆಯನ್ನು ನೆಲದ ಮೇಲೆ ಇಟ್ಟು, ಅದರ ಬೆನ್ನು ಮಾವನ ಮಂಚದ ಕಡೆಗಿರುವಂತೆ ಕೂತೆ. ಒಂದೊಂದು ತಂತಿಯೂ ತನ್ನ ಜಾಗಕ್ಕೇ ಹೋಗಿ ಮುಟ್ಟುತ್ತದೆಯೇ ಎಂದು ಎಲೆಕ್ಟ್ರಿಶಿಯನ್ನರ ಮೀಟರ್ ಹಿಡಿದು ನೋಡಿದೆ. ಮೀಟರ್ ಕುಂಯ್ ಅಂದಾಗಲೆಲ್ಲ ಅತ್ತೆ "ಬಸವಾ" ಅನ್ನುತ್ತಿದ್ದಳು. ಎಲ್ಲ ಜೋಡಿಸಿ, ಹಣೆ ಒರೆಸಿಕೊಂಡು, ಬಟನ್ ಒತ್ತಿದೆ.

ಏನೂ ಆಗಲಿಲ್ಲ.

ಮತ್ತೆ ಒತ್ತಿದೆ. ಫ್ಯಾನ್ ಅಲುಗಲಿಲ್ಲ, ದೀಪ ಹತ್ತಲಿಲ್ಲ. ಅತ್ತೆ ಬೈಯಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಅಷ್ಟರಲ್ಲಿ ಮಂಚದ ಮೇಲಿಂದ ಮಾವ ಸ್ಟೀಲ್ ಲೋಟದಿಂದ ಟಣ್ ಟಣ್ ಎಂದು ಬಡಿಯತೊಡಗಿದರು.

"ನೀವು ಜರಾ ಸುಮ್ಮಕಿರ್ರಿ!" ಎಂದು ಚೀರಿದಳು ಅತ್ತೆ. ಮಾತೇ ಇಲ್ಲದವರಿಗೆ ಸುಮ್ಮನಿರಿ ಎಂದವಳನ್ನು ನೀವೆಲ್ಲಾದರೂ ನೋಡಿದ್ದೀರಾ?

ಮಾವ ಸುಮ್ಮನಾಗಲಿಲ್ಲ. ಲೋಟ ಬಿಟ್ಟು, ಮಂಚಕ್ಕೆ ಒರಗಿಸಿದ್ದ ಊರುಗೋಲು ಚಾಚಿ, ಪೆಟ್ಟಿಗೆಯ ಬೆನ್ನಿಗೆ ಮುಟ್ಟಿಸಿದರು. ಅಲ್ಲೊಂದು ಪುಟ್ಟ ಸ್ವಿಚ್ಚು. ಕೆಲಸ ಶುರುಮಾಡುವಾಗ ಜೋಪಾನವೆಂದು ನಾನೇ ಆರಿಸಿದ್ದೆ! ಅದನ್ನು ಹಾಕಿದೆ, ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು. ಗಾಜಿನೊಳಗೆ ಹಸಿರು, ಅರಿಶಿನ, ಕುಂಕುಮ ಬೆಳಗಿದವು. ಆಗಲೇ ನಾನು ಗಮನಿಸಿದ್ದು, ಮಾವನ ಕಾಲ ಮೇಲಿದ್ದ ಕೌದಿಯೂ ಅದೇ ಮೂರು ಬಣ್ಣದ್ದು. ಆಪರೇಶನ್ ಮುಗಿದು ಮನೆಗೆ ಬಂದಾಗ ಅತ್ತೆ ಹೊಲಿದು ಹೊದಿಸಿದ್ದು.

ಒಂದು ರೆಕಾರ್ಡಿಂಗ್ ಹಚ್ಚಿದೆ. ಹಾರ್ಮೋನಿಯಂ ನುಡಿಯಿತು, ಭಜನೆ ಏರಿತು, ಫಕ್ಕನೆ ನಿಂತಿತು. ಪೆಟ್ಟಿಗೆಯಿಂದ ಮಾವನ ತುಂಬುದನಿ ಕೇಳಿತು: "ಏ, ಕೇಳಸ್ತದೇನು? ಚಾ ಆತೋ ಇಲ್ಲೋ?"

"ತಂದ್ನಿ, ತಡೀರಿ!" ಎಂದು ಅತ್ತೆ ಎದ್ದೇಬಿಟ್ಟಳು. ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ ನಿಂತಳು. ಮಂಚದ ಮೇಲೆ ಮಾವ ಸದ್ದಿಲ್ಲದೆ, ಮೈಯೆಲ್ಲ ಕುಲುಕಿಸಿ ನಗುತ್ತಿದ್ದರು.

ಅವಳು ಬಾಗಿಲ ಕಡೆಗೇ ಮುಖ ಮಾಡಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಅಂದಳು: "ಇನ್ನೊಂದು ನಕಲು ತಗದಿಡಪ್ಪ. ತೆಳ್ಳಗಾದ್ರೂ ಆಗ್ಲಿ. ನನಗ ಕೇಳಸ್ತದ."