ಸಾಗರಬಲ ಪುಡಿಯವರೇ, ನನ್ನ ಹೊಗಳಿಕಿ ವಾಪಸ್ ಕೊಡ್ರಿ

ಇಂಡಿ, ೧೯೭೬

ಮುಂಬಯಿಯ ಸಾಗರಬಲ ಪುಡಿ ಕಂಪನಿಯ ಮಾನ್ಯ ಮಾಲಕರೇ,

ತಮ್ಮ ಪಾದಕ್ಕ ಕಾಶಿಬಾಯಿಯ ಶರಣು ಶರಣಾರ್ಥಿ. ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರಿಯೂದು ರೂಢಿ. ಈ ಸಲ ಆ ಸಾಲು ಬಿಟ್ಟೇನಿ, ಕ್ಷಮಿಸ್ರಿ.

ನನ್ನ ಗುರ್ತು ನಿಮಗ ಇರಬೇಕು. ನಿಮ್ಮ ಬುಧವಾರದ ರೇಡಿಯೋ ಹಾಡಿನ ಕಾರ್ಯಕ್ರಮಕ್ಕ ನಲವತ್ತೊಂದು ಕಾರ್ಡ್ ಹಾಕಿದಾಕಿ ನಾನ. ಹಾಡು ಬೇಡಿದ ನಲವತ್ತು ಕಾರ್ಡ್ ನೀವು ಓದಲಿಲ್ಲ. ಸಮುದ್ರದ ಪಾಚಿಲೆ ಮಾಡಿದ ನಿಮ್ಮ ಪುಡಿ ತಿಂದು ನನ್ನ ಮಾರಿ ಹುಣ್ಣಿವಿ ಚಂದ್ರನಂಗ ಆಗೇತಿ ಅಂತ ಬರದದ್ದೊಂದನ್ನ ಹೆಸರು, ಊರು ಸಮೇತ ಓದಿದ್ರಿ. ಖರೇ ಹೇಳಬೇಕಂದ್ರ ಆ ಪುಡಿ ನಾ ಕಣ್ಣಿಲೆ ಸೈತ ನೋಡಿದ್ದಿಲ್ರಿ. ರೇಡಿಯೋದಾಗ ನನ್ನ ಹೆಸರು ಕೇಳೋ ಆಸೆ, ಅಷ್ಟ.

ನಮ್ಮ ಆಯಿ ಹುಚ್ಚವ್ವ ಮರುದಿನಾನ ಡಬ್ಬಿ ತರಿಸಿ, ಬಸುರಿದ್ದ ನಮ್ಮಣ್ಣನ ಹೆಂಡತಿ ಇಂದ್ರಾಬಾಯಿ ವೈನಿಗೆ ದಿನಾ ಮುಂಜಾನೆ ಹಾಲಿನಾಗ ಒಂದು ಚಮಚ ಕೊಡಾಕ ಹತ್ತಿದಳು. ಏಳನೇ ತಿಂಗಳ ಕುಬಸದಾಗ ಉಡಿ ತುಂಬಾಕ ಬಂದ ಹೆಣ್ಮಕ್ಕಳಿಗೆಲ್ಲ ಅದ ಪುಡಿ ಹಾಕಿದ ಉಂಡಿ ಹಂಚಿದಳು. ಅದರಾಗ ಆರು ಮಂದಿ ತಾವೂ ಡಬ್ಬಿ ತರಿಸಿದ್ರು. ಆಮ್ಯಾಲ ವೈನಿಗೆ ಹೊಟ್ಟಿನೋವು ಸುರು ಆತು, ಕೈಬೆರಳು ಜುಮುಜುಮು ಅನ್ನಾಕ ಹತ್ತಿದವು. ದವಾಖಾನಿ ಡಾಕ್ಟರಬಾಯಿ ಶಮ್ಶುನ್ನೀಸಾ ಅವರು ಪುಡಿ ಪರೀಕ್ಷಾಕ್ಕ ಕಳಿಸಿದ್ರ, ಅದರಾಗ ಸೀಸ, ಪಾದರಸ, ಪಾಷಾಣ, ಕ್ಯಾಡ್ಮಿಯಂ ಅನ್ನೋ ಇನ್ನೊಂದು ಲೋಹ! ಕಾರ್ಖಾನಿ ಹೊಲಸು ನೀರು ಸೇರೋ ಕಡೆ ಬೆಳೆದ ಪಾಚಿ ಇದನ್ನೆಲ್ಲ ಹೀರಿಕೊಂಡು ಮೈಯಾಗ ಇಟಗೊಂತೈತಂತ. ಸೀಸ ಹೊಟ್ಟ್ಯಾಗಿನ ಕೂಸಿನ ಮಿದುಳಿಗೆ ಹೋಗತೈತಂತ. ಏನಾಗೇತಿ ಅನ್ನೋದು ಹುಟ್ಟಿದ ಮ್ಯಾಲ ತಿಳೀತೈತಿ ಅಂದಾರ.

ನಿಮ್ಮ ಉದಾರತನ ಎಷ್ಟಂತ ಹೊಗಳಲಿ! ಡಬ್ಬಿ ಮ್ಯಾಲ 'ಸಮುದ್ರದ ಸಕಲ ಸಾರ' ಅಂತ ಬರದೀರಿ, ಒಂದೂ ಬಿಡದಂಗ ಕೊಟ್ಟೀರಿ. ಸಮುದ್ರನ ನೋಡದ ನಮ್ಮಂಥವರಿಗೆ ಸಮುದ್ರದ ಜೋಡಿ ಕಾರ್ಖಾನಿ ಗಟಾರನೂ ಮನಿಬಾಗಲಿಗೆ ಮುಟ್ಟಿಸಿದವರು ಮತ್ಯಾರದಾರ?

ಲೋಹ ಐತಿ ಅಂದಕೂಡ್ಲೆ ಆಯಿ ಡಬ್ಬಿ ಹಿಡಕೊಂಡು ಸೀದಾ ಬಂಗಾರ ಕೆಲಸದ ಪತ್ತಾರ ಧೂಳಪ್ಪನ ಕಡೆ ಹೋದಳು. ಲೋಹದ್ದು ಸೂಜಿ ಚುಚ್ಚೋರಿಗೇನು ಗೊತ್ತು ಅಂತ. ಅಂವಾ ಮೂಸ್ಯಾಗ ಹಾಕಿ ಕಾಸಿ, "ಗುಂಜಿಯಷ್ಟೂ ಲೋಹ ಇಳೀಲಿಲ್ಲ ಆಯಿ, ಬರೇ ಬೂದಿ" ಅಂದ. "ನೋಡಿದ್ಯಾ, ಅಪ್ಪಟ ಮಾಲು!" ಅಂತ ಆಯಿ ಗೆದ್ದು ಬಂದಳು. ನಾ ಬರದದ್ದು ಸುಳ್ಳು ಆಯಿ ಅಂತ ಕಾಲು ಹಿಡಕೊಂಡೆ. "ಹೋಗ ಹುಚ್ಚಿ, ನೀ ಸುಳ್ಳು ಹೇಳಬಹುದು, ರೇಡಿಯೋ ಹೇಳತೈತೇನ?" ಅಂದಳು.

ಅದಕ್ಕ ಕೈಮುಗಿದು ವಿನಂತಿ. ಬರೋ ಬುಧವಾರ, ನನ್ನ ಕಾರ್ಡ್ ಓದಿದ ಅದ ಸಕ್ಕರಿ ದನಿಯವರ ಕಡೆಯಿಂದ, ಎರಡು ಹಾಡಿನ ನಡುವ, "ಇಂಡಿಯ ಕಾಶಿಬಾಯಿ ಸುಳ್ಳು ಬರದಿದ್ದಳು, ಈ ಪುಡಿ ಯಾರೂ ತಿನಬ್ಯಾಡ್ರಿ" ಅಂತ ಓದಸ್ರಿ. ಸುಳ್ಳುಬುರುಕಿ ಅಂತ ನನ್ನ ಹೆಸರು ಮೂರು ಸಲ ಬೇಕಾದ್ರೂ ಕರೀಲಿ. ಇದು ಕಠಿಣ ಅನಿಸಿದ್ರ, ಸಮುದ್ರಾನ ತೊಳದು, ಸೋಸಿ, ಬಿಸಲಿಗೆ ಒಣಗಿಸಿ, ಆಮ್ಯಾಲ ಪಾಚಿ ಬೆಳಸ್ರಿ, ನಾವು ಕಾಯ್ತೇವಿ.

ಇನ್ನೂ ರೇಡಿಯೋ ಮುಂದ ಕುಂತಿರೋ,
ತಮ್ಮ ವಿಶ್ವಾಸಿ,
ಕಾಶಿಬಾಯಿ

ತಾ.ಕ.: ಆಯಿ ಗುಡಿಗೆ ಹೋದಾಗ ನಮ್ಮನಿ ಡಬ್ಬಿ ಖಾಲಿ ಮಾಡಿ ನುಗ್ಗಿಸೊಪ್ಪಿನ ಪುಡಿ ತುಂಬೇನಿ. ವೈನಿ ಹೊಟ್ಟಿನೋವು ಕಡಿಮಿ ಆಗೇತಿ. ಕಂಪನಿಯವರಿಗೆ ಇನ್ನೊಂದು ಹೊಗಳಿಕಿ ಕಾರ್ಡ್ ಬರಿ ಅಂತ ಆಯಿ ಬೆನ್ನ ಹತ್ಯಾಳ. ಬರೀಲೇನ್ರಿ? ಊರಾಗ ಇನ್ನೂ ಆರು ಮನ್ಯಾಗ ನಿಮ್ಮ ಡಬ್ಬಿ ಅದಾವ. ನಮ್ಮ ಹಿತ್ತಲದಾಗ ನುಗ್ಗಿಗಿಡ ಒಂದ ಐತಿ.