ಹಿನ್ನೀರಿನಾಚೆಯ ಬಲ್ಬು

ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ನಮ್ಮ ವಯಸ್ಸಿನವರು ನಿಜ ಹೇಳುವುದು ಕಡಿಮೆ. ಒಂದು ಕೈಯಲ್ಲಿ ಮಂಡಿ ಹಿಡಿದುಕೊಂಡೇ 'ಫಸ್ಟ್ ಕ್ಲಾಸ್' ಎನ್ನುತ್ತೇವೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಬೇಕಾದಷ್ಟು ಮ್ಯಾನರ್ಸ್ ಕಲಿಸಿದರು. ನೋವಾದರೆ ನೋವು ಎನ್ನುವುದು ಆ ಸಿಲಬಸ್ಸಿನಲ್ಲಿ ಇರಲಿಲ್ಲ. ಹಾಗಾಗಿ ನಾನೂ ಗಿರಿಜೆಯೂ ಮಾತನ್ನು ಬಿಟ್ಟು ಬಲ್ಬನ್ನು ನಂಬಿದೆವು.

ಗಿರಿಜೆ ನನ್ನ ಹಳೆಯ ಕ್ಲಾಸ್‌ಮೇಟ್, ರಿಟೈರ್ಡ್ ನರ್ಸ್. ನಾನು ನರಸಿಂಹರಾಜಪುರದ ಅಂಚಿನಲ್ಲಿ, ಅವಳು ಭದ್ರಾ ಹಿನ್ನೀರಿನ ಆಚೆ ದಡದಲ್ಲಿ. ನೀರಿನ ಮೇಲೆ ಕಣ್ಣು ಹಾಯಿಸಿದರೆ ಇಲ್ಲೇ. ರಸ್ತೆಯಲ್ಲಾದರೆ ಮುತ್ತಿನಕೊಪ್ಪದ ಕಡೆಯಿಂದ ಸುತ್ತಿ ಬರಬೇಕು, ಆಟೋದವರು ಮುಖ ಸಿಂಡರಿಸುವಷ್ಟು ದೂರ. ಅವಳ ಕಡೆ ನೆಟ್‌ವರ್ಕ್ ಬಂದರೆ ಬಂತು. ನಮ್ಮ ಅಗ್ರಿಮೆಂಟ್ ಸರಳವಾಗಿತ್ತು. ಸಂಜೆ ದೇವರ ದೀಪ ಹಚ್ಚಿದ ಮೇಲೆ ನೀರಿನ ಕಡೆಯ ಜಗಲಿಯ ಬಲ್ಬು ಹಾಕಬೇಕು, ಆದರೆ ಆರೋಗ್ಯವಾಗಿದ್ದರೆ ಮಾತ್ರ. ಹುಷಾರಿಲ್ಲವಾದರೆ ಕತ್ತಲೆ; ಕತ್ತಲೆ ಕಂಡವಳು ಹೊರಟು ಬರಬೇಕು. ಕರೆಂಟ್ ಹೋದರೆ ಟಾರ್ಚ್ ಬೀಸಬೇಕು. ಅವಳ ಬೆಳಕು ಕಾಣುವವರೆಗೆ ನನಗೆ ಕಾಫಿ ಇಳಿಯುತ್ತಿರಲಿಲ್ಲ.

ಈಚೆಗೆ ಅವಳ ಬಲ್ಬು ಬಹಳ ಪಂಕ್ಚುಯಲ್ ಆಯಿತು. ಮೋಡ ಕವಿದರೆ ಮಧ್ಯಾಹ್ನವೇ ಉರಿಯುತ್ತಿತ್ತು. ಪಾಪ, ಖುಷಿಯಲ್ಲಿದ್ದಾಳೆ ಎಂದುಕೊಂಡೆ. ಹೀಗಿರುವಾಗ ಅವಳ ಪಕ್ಕದ ಮನೆಯ ಶಾರದೆ ಸಂತೆಯಲ್ಲಿ ಸಿಕ್ಕಿ, "ಗಿರಿಜಕ್ಕಂಗೆ ಜ್ವರ ಅಲ್ದಾ? ವಾರದಿಂದ ಎದ್ದಿಲ್ಲ, ನಾವೇ ಗಂಜಿ ಕೊಡ್ತಿದೀವಿ. ನಿಮಗೆ ಗೊತ್ತಿಲ್ವಾ?" ಎಂದಳು. ಕೈಚೀಲದಲ್ಲಿದ್ದ ಸೊಪ್ಪಿನ ಸಮೇತ ಆಟೋ ಹತ್ತಿದೆ.

ಗಿರಿಜೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೈ ಕಡ್ಡಿಯಾಗಿತ್ತು.

"ಈಗ ಬಂದ್ಯಾ, ಮಾರಾಯ್ತಿ. ನಾನು ದಿನಾ ಕಾದೆ. ಕತ್ತಲೆ ನೋಡಿಯೂ ಬರಲಿಲ್ಲ ಅಂದ್ರೆ, ನಾನು ಸತ್ರೂ ಇವಳು ಬರೂದಿಲ್ಲ ಅಂದ್ಕೊಂಡೆ."

"ಎಂತ ಕತ್ತಲೆ? ದಿನಾ ಲೈಟ್ ಇತ್ತು. ನಿನ್ನೆಯೂ ಇತ್ತು."

"ನಾನು ಎದ್ದೇ ಇಲ್ಲ. ಸ್ವಿಚ್ ಯಾರು ಹಾಕ್ತಾರೆ?"

ನಾನು ಜಗಲಿಯ ಬಲ್ಬಿನ ಕಡೆ ಕೈ ತೋರಿಸಿದೆ. ಆಮೇಲೆ ಅವಳೇ ಮೆಲ್ಲಗೆ, "ಅಯ್ಯೋ, ಅದು ಸೆನ್ಸರ್ ಬಲ್ಬು ಕಣೆ. ತಮ್ಮ ಬಂದಾಗ ಹಾಕಿ ಹೋದ. ಬೆಳಕು ಕಮ್ಮಿಯಾದ್ರೆ ತಾನೇ ಹತ್ತತ್ತೆ. ಒಳ್ಳೇದೇ ಆಯ್ತು, ಏಳೂದು ತಪ್ತು ಅಂದ್ಕೊಂಡಿದ್ದೆ. ಮಲಗಿದ ಮೇಲೆ ನೆನಪೇ ಹೋಯ್ತು" ಎಂದಳು.

ತಾನಾಗಿ ಹತ್ತುವ ಬೆಳಕು ಏನನ್ನೂ ಹೇಳುವುದಿಲ್ಲ. ಬೆಳಗುವುದಕ್ಕಿಂತ, ಒಬ್ಬಳು ಎದ್ದು ಬಂದು ಬೆರಳಿಟ್ಟಳು ಎನ್ನುವುದೇ ಅದರಲ್ಲಿದ್ದ ಸುದ್ದಿ. ನಾನು ಒಂದು ವಾರ ಯಾರೂ ಕಳಿಸದ ಸುದ್ದಿಯನ್ನು ನೋಡಿ ಕಾಫಿ ಕುಡಿದಿದ್ದೆ. ಆ ಬಲ್ಬನ್ನು ಅಂದೇ ತೆಗೆಸಿದೆ.

ಅವಳು ಚೇತರಿಸಿಕೊಂಡ ಮೇಲೆ ನನಗೆ ಬಿಪಿ ಏರಿ ತಲೆ ಸುತ್ತತೊಡಗಿತು. ಡಾಕ್ಟರು ಕಂಪ್ಲೀಟ್ ರೆಸ್ಟ್ ಎಂದರು. ಸಂಜೆ ಸ್ವಿಚ್ಚಿನ ಹತ್ತಿರ ಹೋದೆ. ಲೈಟ್ ಹಾಕದಿದ್ದರೆ ಅವಳು ಆ ಮೈಯಲ್ಲಿ ಅಷ್ಟು ದೂರ ಬರುತ್ತಾಳೆ, ಹಾಕಿದರೆ ಸುಳ್ಳು. ಬಹಳ ಹೊತ್ತು ನಿಂತಿದ್ದು, ಹಾಕದೆ ಬಂದು ಕುಳಿತೆ. ಈ ವಯಸ್ಸಿನಲ್ಲಾದರೂ ನೆಟ್ಟಗೆ ನಿಜ ಹೇಳಿದೆನೆಂದು ನನ್ನ ಮೇಲೆ ನನಗೇ ಗೌರವ ಬಂತು.

ಆ ರಾತ್ರಿಯೇ ಗೇಟಿನ ಹತ್ತಿರ ಗಿರಿಜೆಯ ಆಟೋ ನಿಂತಿತು. ನಾನು ಗಡಬಡಿಸಿ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ತಲೆ ಬಾಚಿ ಮುಖಕ್ಕೆ ಪೌಡರ್ ಹಾಕಿಕೊಂಡೆ.