ಮೇಕೆದಾಟಿನಲ್ಲಿ ನನ್ನ ಹೆಂಡತಿಯ ಮಂಡಿ

ಇದನ್ನು ಬರೆಯಬೇಕು ಎಂದುಕೊಂಡು ತುಂಬ ಕಾಲವಾಯಿತು. ಬರೆಯಲು ಕೂತಾಗಲೆಲ್ಲ ಸಂಪಿನೊಳಕ್ಕೆ ನೀರು ಬಿಡುವುದೋ, ಗ್ಯಾಸ್ ಬುಕ್ ಮಾಡುವುದೋ ನೆನಪಾಗಿ ಎದ್ದುಬಿಡುತ್ತಿದ್ದೆ. ಮನೆಗೆಲಸದಲ್ಲಿ ನನಗೆ ಇಷ್ಟು ಶ್ರದ್ಧೆ ಹಿಂದೆಂದೂ ಬಂದದ್ದಿಲ್ಲ. ಇವತ್ತು ಸಂಪು ತುಂಬಿದೆ, ಗ್ಯಾಸೂ ಬಂದಿದೆ. ಇನ್ನು ತಪ್ಪಿಸಿಕೊಳ್ಳಲು ದಾರಿಯಿಲ್ಲ.

ನನಗೆ ಎತ್ತರವೆಂದರೆ ಭಯ. ಜಿರಲೆಗೋ ಸೂಜಿಗೋ ಹೆದರುವ ಗಂಡಸನ್ನು ಜನ ನಕ್ಕು ಬಿಟ್ಟುಬಿಡುತ್ತಾರೆ. ಎತ್ತರಕ್ಕೆ ಹೆದರುವವನಿಗೆ ಆ ರಿಯಾಯಿತಿ ಇಲ್ಲ, ಅದರಲ್ಲೂ ನನ್ನಷ್ಟು ದಪ್ಪ ಮೀಸೆ ಬಿಟ್ಟಿದ್ದರೆ. ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನಲ್ಲಿ ರೈಲು ಬರುವ ತನಕ ನಾನು ಕಂಬ ಹಿಡಿದುಕೊಂಡೇ ನಿಂತಿರುತ್ತೇನೆ. ನೋಡಿದವರು ವಯಸ್ಸಾಯಿತು, ಪಾಪ ಎಂದುಕೊಳ್ಳುತ್ತಾರೆ. ವಯಸ್ಸು ಇಂಥ ಹೊತ್ತಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಈ ಭಯ ಲೋಕದಲ್ಲಿ ಇನ್ನೊಬ್ಬರಿಗೆ ಮಾತ್ರ ಗೊತ್ತು, ನನ್ನ ಹೆಂಡತಿಗೆ. ಮದುವೆಯಾದ ಹೊಸದರಲ್ಲಿ ಟೆರೇಸಿನ ಅಂಚಿನಲ್ಲಿ ಹಪ್ಪಳ ಒಣಗಿಸಲು ಹೇಳಿದವಳು, ನಾನು ಹಪ್ಪಳವನ್ನು ದೂರದಿಂದಲೇ ಎಸೆಯುವುದನ್ನು ಕಂಡು ಎಲ್ಲ ಅರ್ಥಮಾಡಿಕೊಂಡಳು. ಯಾರಿಗೂ ಹೇಳಲಿಲ್ಲ.

ಗೋವಿಂದರಾಜನಗರದ ನಮ್ಮ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವವರದು ಒಂದು ಗುಂಪಿದೆ. ಅದಕ್ಕೆ ಯಜಮಾನ ರಂಗಸ್ವಾಮಿ, ಯಜಮಾನನಿಗೆ ಯಜಮಾನಿ ಅವರ ಹೆಂಡತಿ ವಿಮಲಮ್ಮ. ಈ ಗುಂಪಿನ ಕಲ್ಲುಬೆಂಚಿನ ಮೇಲೆ ಕೂತು ನಾನು, ಹುಡುಗನಾಗಿದ್ದಾಗ ತೆಂಗಿನಮರದ ತುದಿಯಿಂದ ಬಾವಿಗೆ ಧುಮುಕುತ್ತಿದ್ದ ಕಥೆ ಹೇಳುತ್ತಿದ್ದೆ. ಧುಮುಕುತ್ತಿದ್ದದ್ದು ನಿಜ, ಬೇರೆ ಹುಡುಗರು. ನಾನು ದಡದಲ್ಲಿ ಕೂತು ಅವರ ಚಡ್ಡಿಗಳನ್ನು ಕಾಯುತ್ತಿದ್ದೆ.

ಒಂದು ಚಳಿಗಾಲದಲ್ಲಿ ಗುಂಪೆಲ್ಲ ಟೆಂಪೊ ಟ್ರಾವೆಲರ್ ಮಾಡಿಕೊಂಡು ಮೇಕೆದಾಟಿಗೆ ಹೋಗುವುದೆಂದು ತೀರ್ಮಾನವಾಯಿತು. ನನ್ನ ಹೆಂಡತಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವಳು ಕಾವೇರಿ ದಂಡೆಯ ಊರಿನವಳು. ಅವಳ ಊರಿನಲ್ಲಿ ಹೊಳೆ ಎಷ್ಟು ಅಗಲವೆಂದರೆ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಮುಖ ಕಾಣುವುದಿಲ್ಲ. ಅದೇ ಹೊಳೆ ಮುಂದೆ ಒಂದು ಕಡೆ ಬಂಡೆಗಳ ನಡುವೆ ಸಿಕ್ಕಿಕೊಂಡು, ಮೇಕೆ ಹಾರಿ ದಾಟುವಷ್ಟು ಸಣ್ಣದಾಗುತ್ತದೆ ಎಂದು ಅವಳ ತಾಯಿ ಹೇಳಿದ್ದರಂತೆ. ಇವಳು ನಂಬಿರಲಿಲ್ಲ. "ಅಷ್ಟೊಂದು ನೀರು ಅಷ್ಟು ಸಂದೀಲಿ ಹೆಂಗ್ರೀ ಹಿಡಿಯುತ್ತೆ? ಒಂದ್ಸಲ ಕಣ್ಣಾರೆ ನೋಡ್ಬೇಕು" ಎಂದು ಅವಳು ಎಷ್ಟು ಸಲ ಹೇಳಿದ್ದಾಳೋ. ಬಂಡೆ ಇಳಿಯಬೇಕಾಗುತ್ತದೆ ಎಂದು ಪಾರ್ಕಿನಲ್ಲಿ ಸುತ್ತು ಹೆಚ್ಚಿಸಿಕೊಂಡಳು. ಹೊಸ ಬೂಟು ಕೊಂಡು ಸೀರೆಯ ಕೆಳಗೆ ಹಾಕಿಕೊಂಡು ನಡೆದಳು. ನನಗಿಂತ ಮುಂದೆ ನಡೆಯುತ್ತಿದ್ದಳು ಎನ್ನುವುದನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಸಂಗಮದಲ್ಲಿ ತೆಪ್ಪದಲ್ಲಿ ಹೊಳೆ ದಾಟಿ, ಆಚೆ ಕಡೆ ಒಂದು ಲಟಾರಿ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವ ತನಕ ನನ್ನ ಮರ್ಯಾದೆ ನೆಟ್ಟಗಿತ್ತು. ಬಸ್ಸಿಳಿದು ನಾಲ್ಕು ಹೆಜ್ಜೆ ಹೋಗಿ ಕೆಳಗೆ ಇಣುಕಿದೆ. ಮೆಟ್ಟಿಲು, ಮೆಟ್ಟಿಲಾದ ಮೇಲೆ ಬಂಡೆ, ಬಂಡೆಯ ಆಚೆ ಏನೂ ಇಲ್ಲ, ಬರೀ ಭೋರೆನ್ನುವ ಸದ್ದು. ಪಕ್ಕದಲ್ಲಿದ್ದ ಮರವನ್ನು ತಬ್ಬಿಕೊಂಡೆ.

"ಬನ್ನಿ ಕೆಂಪಣ್ಣೋರೆ, ಬಾವಿ ವೀರ್ರು ನೀವು, ನೀವೇ ಮುಂದೆ ನಡೀರಿ!" ಎಂದರು ರಂಗಸ್ವಾಮಿ.

ಎಲ್ಲರೂ ನನ್ನತ್ತ ತಿರುಗಿದರು. ಆಗ ನನ್ನ ಬಾಯಿಂದ ತಾನಾಗಿ ಬಂದದ್ದು ಇದು: "ನಾನೇನೋ ಬರ್ತಿದ್ದೆ. ಪಾಪ, ಇವಳಿಗೆ ಮಂಡಿನೋವು. ಒಬ್ಳನ್ನೇ ಬಿಟ್ಟು ಹೆಂಗೆ ಬರ್ಲಿ? ನೀವು ಹೋಗಿ ಬನ್ನಿ."

ಅವಳಾಗಲೇ ಎರಡು ಮೆಟ್ಟಿಲು ಇಳಿದಿದ್ದಳು. ತಿರುಗಿ ನೋಡಿದಳು. ನಾನು ತಬ್ಬಿಕೊಂಡಿದ್ದ ಮರವನ್ನೂ ನೋಡಿದಳು. ಒಂದು ಮಾತು ಆಡಿದ್ದರೆ ನನ್ನ ಮೀಸೆ ಅಲ್ಲೇ ಉದುರುತ್ತಿತ್ತು. ಅವಳು ನಿಧಾನವಾಗಿ ಮೇಲೆ ಹತ್ತಿಬಂದು, ಬಗ್ಗಿ ಮಂಡಿ ಒತ್ತಿಕೊಂಡು, "ಹೂಂ, ಯಾಕೋ ಹಿಡ್ಕೊಂಡಿದೆ" ಎಂದಳು.

"ನೋಡಿ, ಕಲೀರಿ! ಗಂಡ ಅಂದ್ರೆ ಹಿಂಗಿರ್ಬೇಕು" ಎಂದು ವಿಮಲಮ್ಮ ರಂಗಸ್ವಾಮಿಯನ್ನು ತಿವಿದರು. ಗುಂಪು ಹೊರಟುಹೋಯಿತು.

ನಾವಿಬ್ಬರೂ ಮರದ ಕೆಳಗೆ ಕೂತೆವು. ಪುಳಿಯೋಗರೆ ಡಬ್ಬಿ ನಡುವೆ ಇತ್ತು. ಇಬ್ಬರೂ ಮುಚ್ಚಳ ತೆಗೆಯಲಿಲ್ಲ.

"ಭಯ ಅಂದಿದ್ರೆ ಆಗ್ತಿರ್ಲಿಲ್ವಾ? ನೀವಿಲ್ಲೇ ಕೂತಿರ್ತಿದ್ರಿ, ನಾನು ನೋಡ್ಕೊಂಡು ಬರ್ತಿದ್ದೆ."

"ನಾಲ್ಕು ಜನದ ಮುಂದೆ ಹೆಂಗೇ ಹೇಳೋದು?"

"ಅದಕ್ಕೆ ನನ್ನ ಮಂಡಿ ಹೇಳಿದ್ರಾ?"

ಒಂದು ಮೇಕೆ ಹಾರಿದ ಜಾಗದ ಹತ್ತಿರಕ್ಕೂ ಹೋಗಲಾರದ ನಾನು ಪುಳಿಯೋಗರೆ ಡಬ್ಬಿಯನ್ನು ಅವಳ ಕಡೆ ತಳ್ಳಿದೆ. ಗುಂಪಿನವರು ವಾಪಸು ಬಂದು ಅವಳಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಎಲ್ಲದರಲ್ಲೂ ಮುಂದೆ ರಂಗಸ್ವಾಮಿ. ಕಾವೇರಿ ಅವರ ಹೊಟ್ಟೆಯ ಹಿಂದೆ ಎಲ್ಲೋ ಹರಿಯುತ್ತಿತ್ತು. "ಚೆನ್ನಾಗಿದೆ" ಎಂದಳು ಅವಳು.

ಸುಳ್ಳು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಊರಿಗೆ ಬಂದ ಮೇಲೆ ಅದು ಚಿಗುರಿತು. ವಿಮಲಮ್ಮ ಎಣ್ಣೆ ತಂದುಕೊಟ್ಟರು. ಇನ್ಯಾರೋ ಎಕ್ಕದ ಎಲೆ ಬಿಸಿಮಾಡಿ ಕಟ್ಟಲು ಹೇಳಿದರು. ಹೆಂಗಸರು ಅವಳನ್ನು ನಡೆಯಲು ಕರೆಯುವುದನ್ನು ಬಿಟ್ಟು, "ನೀವು ಕೂತ್ಕೊಳಿ ಅಕ್ಕ, ಆಯಾಸ ಮಾಡ್ಕೋಬೇಡಿ" ಎಂದು ಬೆಂಚು ತೋರಿಸತೊಡಗಿದರು. ಹೊಸ ಬೂಟು ಮಂಚದ ಕೆಳಗೆ ಸೇರಿತು.

ಹೋದ ತಿಂಗಳು ರಂಗಸ್ವಾಮಿ ಮತ್ತೆ ಮೇಕೆದಾಟಿನ ಮಾತೆತ್ತಿದರು, ಗುಂಪಿಗೆ ಹೊಸಬರು ಸೇರಿದ್ದಾರಂತೆ. ನನ್ನ ಹೆಂಡತಿ ಬೆಂಚಿನಲ್ಲಿ ನೆಟ್ಟಗೆ ಕೂತಳು. "ಅಕ್ಕನಿಗೆ ಈಗ ಹೆಂಗಿದೆ, ಬರೋಕಾಗುತ್ತಾ?" ಎಂದು ವಿಮಲಮ್ಮ ನನ್ನನ್ನು ಕೇಳಿದರು. ಹೆಂಗಸಿನ ಮಂಡಿಯ ಸಮಾಚಾರವನ್ನು ಗಂಡನನ್ನೇ ಕೇಳುವುದು ನಮ್ಮ ಕಡೆಯ ಮರ್ಯಾದೆ. ಅವಳು ನನ್ನನ್ನೇ ನೋಡುತ್ತಿದ್ದಳು. ವಾಸಿಯಾಗಿದೆ ಎಂದರೆ ಸಾಕಿತ್ತು, ನಿಜ ಹೇಳುವ ಅಗತ್ಯವೂ ಇರಲಿಲ್ಲ. ಆದರೆ ಮಂಡಿ ವಾಸಿಯಾದರೆ ನಾನು ಕೆಳಗಿಳಿಯಬೇಕಲ್ಲ?

"ಇಲ್ಲಮ್ಮ, ಡಾಕ್ಟ್ರು ಬೇಡ ಅಂದಿದಾರೆ" ಎಂದೆ.

ಮೊದಲನೆಯದು ಗಾಬರಿಯಲ್ಲಿ ಬಂದ ಸುಳ್ಳು ಎನ್ನಬಹುದು. ಇದನ್ನು ಯೋಚಿಸಿಯೇ ಹೇಳಿದೆ. ಅವಳು ಮನೆಗೆ ಬಂದು ಅವರೆಕಾಯಿ ಸುಲಿಯುತ್ತ ಕೂತಳು. ಅವಳ ಎದುರು ನಿಂತು ತಪ್ಪಾಯಿತು ಎನ್ನಬೇಕೆಂದು ಹೋದವನು, ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿದುಕೊಟ್ಟು ಬಂದೆ.

ಈ ಪಾರ್ಕಿನ ಕಡೆ ನೀವು ಯಾರಾದರೂ ಬೆಳಗ್ಗೆ ಬಂದರೆ ನೋಡಬಹುದು. ದಪ್ಪ ಮೀಸೆಯ ಒಬ್ಬ ಮುದುಕ ಕೈ ಬೀಸಿಕೊಂಡು ಮುಂದೆ ನಡೆಯುತ್ತಿರುತ್ತಾನೆ. ಹಿಂದೆ ಒಬ್ಬ ಹೆಂಗಸು ಗೇಟಿನಿಂದ ಬೆಂಚಿನವರೆಗೆ ಸ್ವಲ್ಪ ಕುಂಟುತ್ತ ಬರುತ್ತಾಳೆ. ಅವಳ ಮಂಡಿಗೆ ಏನೂ ಆಗಿಲ್ಲ. ಅವಳ ಹೆಸರು ಸರೋಜಮ್ಮ.